ಟಿಕ್ ಹಾಕಿದ್ದೆಲ್ಲ ನೋಡಿದ್ದಲ್ಲ



ಇವತ್ತು ಆಕಾಶದ ವಿಷಯ. ಅದಕ್ಕಿಂತ ಹೆಚ್ಚಾಗಿ, ಆಕಾಶ ನೋಡೋರು ಮೊಬೈಲಿನಲ್ಲಿ ಹಾಕೋ ಟಿಕ್ಕಿನ ವಿಷಯ. ಕೆಲವರಿಗೆ ಚುಚ್ಚಬಹುದು. ಚುಚ್ಚಲಿ ಅಂತಾನೇ ಬರೀತಿದ್ದೀವಿ.

ನಮ್ಮ ಆಕಾಶ ವೀಕ್ಷಣೆಯ ವಾಟ್ಸಾಪ್ ಗುಂಪಿನಲ್ಲಿ ಒಂದು ಹೊಸ ಚಟ ಶುರುವಾಗಿದೆ. ರಾತ್ರಿ ಹನ್ನೊಂದಕ್ಕೆ ಯಾರೋ ಒಬ್ಬ ಸ್ಕ್ರೀನ್‌ಶಾಟ್ ಹಾಕ್ತಾನೆ. ಆಪಿನಲ್ಲಿ ಸಾಲಾಗಿ ಹದಿನಾಲ್ಕು ಹೆಸರು, ಹದಿನಾಲ್ಕಕ್ಕೂ ಹಸಿರು ಟಿಕ್. ಕೆಳಗೆ "ಇವತ್ತು ಹದಿನಾಕ್ ಮುಗಿಸಿದ್ಯಾ" ಅಂತ ಒಂದು ಸಾಲು. ಅದರ ಕೆಳಗೆ ಚಪ್ಪಾಳೆ. ನಾವು ಸುಮ್ಮನೆ ಒಂದು ಪ್ರಶ್ನೆ ಕೇಳಿದ್ವಿ. "ತಮ್ಮಾ, ಎಂ 33 ಹೆಂಗ ಕಾಣಿಸ್ತು?" ಎಂ 33 ಅಂದ್ರೆ ತ್ರಿಕೋಣ ಪುಂಜದಲ್ಲಿರುವ ಗ್ಯಾಲಕ್ಸಿ. ಆಕಾಶದಲ್ಲಿ ಹುಣ್ಣಿಮೆ ಚಂದ್ರನಿಗಿಂತ ದೊಡ್ಡ ಜಾಗ ಹಿಡಿಯುತ್ತೆ, ಆದ್ರೆ ಬೆಳಕು ಅಷ್ಟಕ್ಕೂ ಹರಡಿಕೊಂಡು ತೆಳ್ಳಗಾಗಿರೋದ್ರಿಂದ ಟೆಲಿಸ್ಕೋಪಿನಲ್ಲಿ ದೊಡ್ಡದು ಮಾಡಿ ನೋಡಿದಷ್ಟೂ ಕೈ ತಪ್ಪುತ್ತೆ. ಬೈನಾಕ್ಯುಲರೇ ವಾಸಿ. ಮೊದಲ ಸಲ ಅದನ್ನು ಹಿಡಿಯೋಕೆ ನಮಗೆ ಮೂರು ರಾತ್ರಿ ಬೇಕಾಯ್ತು. ಆ ಹುಡುಗನ ಉತ್ತರ ಏನು ಗೊತ್ತೇ? "ಆಪ್‌ನ್ಯಾಗ ಫೋಟೋ ಅದ ನೋಡ್ರಿ ಅಣ್ಣಾ."

ಹಗಲು ಬ್ಯಾಂಕಿನ ಕೌಂಟರಿನ ಹಿಂದೆ ಕೂತು ಹೊಟ್ಟೆ ಹೊರೆಯೋ ನಮ್ಮಂಥವರಿಗೆ ಇದು ಹೇಗೆ ಕೇಳಿಸುತ್ತೆ ಹೇಳ್ತೀವಿ. ಗಿರಾಕಿ ಬಂದಿಲ್ಲ, ದುಡ್ಡು ಬಂದಿಲ್ಲ, ಸ್ಲಿಪ್ ಬಂದಿಲ್ಲ, ಆದ್ರೆ ಖಾತೆಗೆ ಜಮಾ ಆಗಿದೆ. ಕೇಳಿದ್ರೆ "ಬರೋದಿತ್ತಲ್ರಿ, ಬಂದಂಗೇ ಲೆಕ್ಕ" ಅಂತಾರೆ. ಹಂಗೆ ಬರೆದವನ ನೌಕರಿ ಆಡಿಟ್ ಬರೋ ತನಕ.

ನಾವೇನು ಹಾಲಿನಲ್ಲಿ ತೊಳೆದವರಲ್ಲ. ನಮ್ಮದೂ ಒಂದು ಕಥೆ ಇದೆ. 2024ರ ಅಕ್ಟೋಬರ್. ತ್ಸುಚಿನ್‌ಶಾನ್-ಅಟ್ಲಾಸ್ ಧೂಮಕೇತು ಸೆಪ್ಟೆಂಬರ್ 27ಕ್ಕೆ ಸೂರ್ಯನನ್ನು ಸುತ್ತಿ ಬಂದು, ಅಕ್ಟೋಬರ್ ಮಧ್ಯದಲ್ಲಿ ಸಂಜೆಯ ಪಶ್ಚಿಮಕ್ಕೆ ಬಂದಿತ್ತು. ಜತ್ತ ತಾಲೂಕಿನ ಪೂರ್ವ ಭಾಗದ ಒಂದು ಹೊಲದ ಬದುವಿನ ಮೇಲೆ ನಾವು ಐದು ಮಂದಿ ನಿಂತಿದ್ವಿ. ಮೋಡದ ಚೂರುಗಳು. ಮೊಬೈಲ್ ಎತ್ತಿ ಹಿಡಿದ್ರೆ ಆಪು ಬಾಣ ಹಾಕಿ ತೋರಿಸ್ತು, ಶುಕ್ರನಿಗೂ ಸ್ವಾತಿಗೂ ನಡುವೆ, ಇಲ್ಲೇ ಅಂತ. ಆ ಜಾಗದಲ್ಲಿ ಏನೋ ಬೆಳ್ಳಗೆ ಇತ್ತು. ಒಬ್ಬ "ಬಾಲ! ಬಾಲ!" ಅಂದ. ಐವರೂ "ಹೌದೌದು" ಅಂದ್ವಿ. ಟಿಕ್ ಬಿತ್ತು. ಸ್ಟೇಟಸ್ ಹೋಯ್ತು. ಊರಿಗೆಲ್ಲ ಹೇಳಿದ್ದಾಯ್ತು.

ಎರಡು ದಿನ ಬಿಟ್ಟು ತಿಳಿಯಾದ ಸಂಜೆ ಸಿಕ್ತು. ಆವತ್ತು ನಿಜವಾದ ಧೂಮಕೇತು ಕಂಡಿತು. ತಲೆ ಸಣ್ಣದು, ಬಾಲ ನೆಟ್ಟಗೆ ಮೇಲಕ್ಕೆ, ಕಣ್ಣು ಸ್ವಲ್ಪ ಪಕ್ಕಕ್ಕೆ ಹೊರಳಿಸಿದ್ರೆ ಇನ್ನೂ ಉದ್ದ. ಮೊದಲ ದಿನ ನೋಡಿದ್ದಕ್ಕೂ ಇದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಮೊದಲ ದಿನ ನಾವು ನೋಡಿದ್ದು ಮೋಡದ ಚೂರು. ಆಪಿನ ಬಾಣ ಮೋಡದ ಮೇಲೆ ಕೂತಿತ್ತು, ನಮ್ಮ ಆಸೆ ಬಾಣದ ಮೇಲೆ ಕೂತಿತ್ತು.

ಆವತ್ತು ರಾತ್ರಿ ವಹಿ ತೆಗೆದು ಹಳೆ ಎಂಟ್ರಿ ಮೇಲೆ ಕೆಂಪು ಗೆರೆ ಎಳೆದು ಪಕ್ಕಕ್ಕೆ "ತಪ್ಪು, ಮೋಡ" ಅಂತ ಬರೆದು ಸಹಿ ಹಾಕಿದ್ವಿ. ಅಳಿಸಲಿಲ್ಲ. ಬ್ಯಾಂಕಿನವರು ಅಳಿಸೋದಿಲ್ಲ, ಹೊಡೆದು ಹಾಕಿ ಸಹಿ ಮಾಡ್ತಾರೆ. ಆಪಿನಲ್ಲಿ ಟಿಕ್ ತೆಗೆದ್ರೆ? ಗುರುತೇ ಉಳಿಯಲಿಲ್ಲ. ಅಂಥದ್ದೊಂದು ತಪ್ಪು ಆಗಿತ್ತು ಅನ್ನೋದೇ ಮಾಯ.

ನಮ್ಮ ಜಗಳ ಸಾಫ್ಟ್‌ವೇರ್ ಜೊತೆಗಲ್ಲ, ಇದು ಮೊದಲೇ ಹೇಳಿಬಿಡೋಣ. ಜಗಳ ಇರೋದು ಒಂದು ಗೊಂದಲದ ಜೊತೆಗೆ. ಈ ಆಪುಗಳು ಎರಡು ಕೆಲಸ ಮಾಡ್ತವೆ. ಒಂದು, ಇವತ್ತು ರಾತ್ರಿ ಏನೇನು ನೋಡಬಹುದು ಅಂತ ಯೋಜನೆ ಹಾಕಿ ಕೊಡೋದು. ಇನ್ನೊಂದು, ನೋಡಿದ್ದನ್ನ ಬರೆದಿಡೋದು. ಕಾಮರ್ಸ್ ಓದಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಮೊದಲನೆಯದು ಬಜೆಟ್, ಎರಡನೆಯದು ಕಿರ್ದಿ. ಬಜೆಟ್ಟಿನಲ್ಲಿ ಬರೆದ ಆದಾಯ ಕಿರ್ದಿಯಲ್ಲಿ ತಾನಾಗಿ ಬಂದು ಕೂರೋದಿಲ್ಲ. ಆಪಿನಲ್ಲಿ ಮಾತ್ರ ಎರಡೂ ಒಂದೇ ಪರದೆ ಮೇಲೆ, ಒಂದೇ ಪಟ್ಟಿಯಲ್ಲಿ, ಪಕ್ಕಕ್ಕೊಂದು ಟಿಕ್ ಬಾಕ್ಸ್ ಇಟ್ಟುಕೊಂಡು ಕೂತಿವೆ. ಹೆಬ್ಬೆರಳು ಒತ್ತಿದ್ರೆ ಬಜೆಟ್ಟೇ ಕಿರ್ದಿ ಆಗಿಬಿಡುತ್ತೆ.

ಇದರಿಂದ ಯಾರಿಗೇನು ನಷ್ಟ, ಹುಡುಗರು ಖುಷಿಗೆ ಮಾಡ್ತಾರೆ ಬಿಡ್ರಿ ಅನ್ನೋರಿದ್ದಾರೆ. ಅವರಿಗೆ 2020ರ ಫೆಬ್ರವರಿ ನೆನಪು ಮಾಡ್ತೀವಿ.

ಆರ್ದ್ರಾ ನಕ್ಷತ್ರ ನಿಮಗೆ ಗೊತ್ತು. ಬೀಟಲ್‌ಜ್ಯೂಸ್ ಅಂತ ಆಪಿನಲ್ಲಿ ಬರೋದು ಅದೇ. ನಮ್ಮ ಅಜ್ಜಂದಿರು ಆರಿದ್ರಾ ಮಳೆ ಅಂತಿದ್ದದ್ದು ಅದರ ಹೆಸರಿನ ಮಳೆಯನ್ನೇ. ಜೂನ್ ಮೂರನೇ ವಾರದ ಕೊನೆಗೆ ಸೂರ್ಯ ಆ ನಕ್ಷತ್ರದ ಹತ್ತಿರ ಬರ್ತಾನೆ, ಆಗ ಮಳೆ ಇರುತ್ತೆ, ನಕ್ಷತ್ರ ಕಾಣೋದಿಲ್ಲ. ಚಳಿಗಾಲದಲ್ಲಿ ಮಾತ್ರ ಕೆಂಪಗೆ ಉರೀತಾ ಮಹಾವ್ಯಾಧನ ಹೆಗಲ ಮೇಲೆ ಕೂತಿರುತ್ತೆ. ಸಾಮಾನ್ಯವಾಗಿ ಅದರ ಪ್ರಕಾಶ ಸುಮಾರು 0.5 ಮ್ಯಾಗ್ನಿಟ್ಯೂಡ್. ಈ ಅಳತೆಯಲ್ಲಿ ಅಂಕಿ ದೊಡ್ಡದಾದಷ್ಟೂ ನಕ್ಷತ್ರ ಮಂಕು. 2019ರ ಡಿಸೆಂಬರಿನಲ್ಲಿ ಅದು ಮಂಕಾಗ್ತಿದೆ ಅಂತ ಸುದ್ದಿ ಬಂತು. 2020ರ ಫೆಬ್ರವರಿ ಹೊತ್ತಿಗೆ 1.6ರ ಹತ್ತಿರ ಇಳಿದಿತ್ತು. ಅಂದ್ರೆ ಎಂದಿನ ಬೆಳಕಿನಲ್ಲಿ ಅರ್ಧಕ್ಕಿಂತ ಕಡಿಮೆ. ಆಮೇಲೆ ಏಪ್ರಿಲ್ ಹೊತ್ತಿಗೆ ಮತ್ತೆ ಚೇತರಿಸಿಕೊಂಡಿತು. ನಕ್ಷತ್ರ ತಾನೇ ಹೊರಹಾಕಿದ ಅನಿಲ ತಣ್ಣಗಾಗಿ ಧೂಳಾಗಿ ನಮ್ಮ ಕಡೆಯ ಮುಖಕ್ಕೆ ಅಡ್ಡ ಬಂದದ್ದು ಕಾರಣ ಅಂತ ಆಮೇಲೆ ವಿಜ್ಞಾನಿಗಳು ಹೇಳಿದ್ರು.

ಈಗ ಯೋಚನೆ ಮಾಡಿ. ಆ ಫೆಬ್ರವರಿಯಲ್ಲಿ ಆಕಾಶದಲ್ಲಿ ಆರ್ದ್ರೆ ಮಂಕಾಗಿತ್ತು. ಪಟ್ಟಿಯಲ್ಲಿನ ಸ್ಥಿರ ಅಂಕಿ ಇಟ್ಟುಕೊಂಡು ಚಿತ್ರ ಬಿಡಿಸೋ ಆಪಿನೊಳಗೆ ಮಾತ್ರ ಅದೇ ಹಳೆ ಹೊಳಪು. ಮೊಬೈಲ್ ನೋಡಿ ಟಿಕ್ ಹಾಕಿದವನಿಗೆ ಏನೂ ಆಗಿರಲಿಲ್ಲ. ತಲೆ ಎತ್ತಿ ನೋಡಿ "ಇವತ್ತು ಆರ್ದ್ರೆ ರೋಹಿಣಿಗಿಂತ ಕಮ್ಮಿ ಅದ, ಪಕ್ಕದ ಹೆಗಲಿನ ನಕ್ಷತ್ರದಷ್ಟೇ ಅದ" ಅಂತ ಒಂದು ಸಾಲು ಬರೆದವನ ಹತ್ತಿರ ಒಂದು ದಾಖಲೆ ಇತ್ತು. ಅದಕ್ಕೆ ಟೆಲಿಸ್ಕೋಪ್ ಬೇಕಿರಲಿಲ್ಲ. ಬೈನಾಕ್ಯುಲರೂ ಬೇಕಿರಲಿಲ್ಲ. ಪಕ್ಕದ ಎರಡು ನಕ್ಷತ್ರದ ಜೊತೆ ಹೋಲಿಸೋ ಕಣ್ಣು, ದಿನಾಂಕ, ಹೊತ್ತು, ಅಷ್ಟೇ.

ಇಂಥ ಸಾಲುಗಳನ್ನ 1911ರಿಂದ ಕೂಡಿಸಿಡ್ತಾ ಬಂದಿರೋ ಸಂಸ್ಥೆ ಒಂದಿದೆ, ಎಎವಿಎಸ್‌ಒ ಅಂತ. ಬೆಳಕು ಬದಲಿಸೋ ನಕ್ಷತ್ರಗಳನ್ನ ಹವ್ಯಾಸಿಗಳು ನೋಡಿ ಅಂದಾಜು ಮಾಡಿ ಕಳಿಸ್ತಾರೆ. ಅಮೆರಿಕದ್ದು, ಆದ್ರೆ ಬರೆಯೋರು ಜಗತ್ತಿನ ಎಲ್ಲ ಕಡೆಯವರು. ಅವರ ನಕ್ಷೆಯಲ್ಲಿ ಒಂದು ಸಣ್ಣ ಜಾಣತನ ನೋಡಿ: ಹೋಲಿಕೆಯ ನಕ್ಷತ್ರದ ಪಕ್ಕ 5.4 ಅಂತ ಬರೆಯೋದಿಲ್ಲ, 54 ಅಂತ ಬರೀತಾರೆ. ಯಾಕೆ? ದಶಮಾಂಶದ ಚುಕ್ಕೆಯನ್ನು ಯಾರಾದ್ರೂ ನಕ್ಷತ್ರ ಅಂತ ತಿಳಿದುಬಿಟ್ಟಾರು ಅಂತ! ಇದನ್ನ ಓದಿದ ದಿನ ನಮಗೆ ಆ ಮಂದಿ ಮೇಲೆ ಗೌರವ ಬಂತು. ಚುಕ್ಕೆಯ ಬೆಲೆ ಗೊತ್ತಿರೋರು.

ಇನ್ನೂ ಒಂದು. ನಕ್ಷತ್ರ ಕಾಣಲಿಲ್ಲ ಅಂದ್ರೆ ಅದನ್ನೂ ಬರೆಯೋಕೆ ಅವರಲ್ಲಿ ಒಂದು ಗುರುತು ಇದೆ. "ಇಷ್ಟು ಪ್ರಕಾಶದ ನಕ್ಷತ್ರ ಕಂಡಿತು, ಇದು ಅದಕ್ಕಿಂತ ಮಂಕು, ನನಗೆ ಕಾಣಲಿಲ್ಲ" ಅಂತ. ಅದೂ ದಾಖಲೆಯೇ. ನಿಮ್ಮ ಆಪಿನಲ್ಲಿ "ನೋಡಿದೆ" ಅನ್ನೋ ಟಿಕ್ ಇದೆ. "ಹುಡುಕಿದೆ, ಕಾಣಲಿಲ್ಲ" ಅನ್ನೋದಕ್ಕೆ ಟಿಕ್ ಎಲ್ಲಿದೆ? ಬ್ಯಾಂಕಿನಲ್ಲಿ ಇದಕ್ಕೆ ಸಸ್ಪೆನ್ಸ್ ಖಾತೆ ಅಂತ ಇಟ್ಟಿದ್ದಾರೆ. ಯಾವ ಖಾತೆಗೆ ಹಾಕಬೇಕು ಗೊತ್ತಾಗದ ದುಡ್ಡನ್ನ ತಂದು ಅಲ್ಲಿ ಇಡ್ತೀವಿ, ಗೊತ್ತಾದ ಮೇಲೆ ತೆಗೀತೀವಿ. ನಮ್ಮ ವಹಿಯಲ್ಲೂ ಈಗ ಹಿಂದಿನ ನಾಲ್ಕು ಪುಟ ಸಸ್ಪೆನ್ಸ್. "ಕಂಡಿತೇನೋ ಅನಿಸ್ತು" ಅನ್ನೋವೆಲ್ಲ ಅಲ್ಲಿಗೆ.

ಇಂಥ ಕೆಲಸ ದೊಡ್ಡ ಊರಿನ, ದೊಡ್ಡ ಓದಿನ ಮಂದಿಗೆ ಅಂತ ನಿಮ್ಮಲ್ಲಿ ಯಾರಿಗಾದ್ರೂ ಅನಿಸಿದ್ರೆ ರಾಧಾಗೋವಿಂದ ಚಂದ್ರ ಅವರ ಹೆಸರು ಕೇಳಿ. ಜೆಸ್ಸೋರಿನವರು. ಪ್ರವೇಶ ಪರೀಕ್ಷೆಯಲ್ಲಿ ಮತ್ತೆ ಮತ್ತೆ ನಪಾಸಾದವರು. ಕಲೆಕ್ಟರ್ ಕಚೇರಿಯ ಖಜಾನೆಯಲ್ಲಿ ನಾಣ್ಯ ಖರೇನೋ ಖೋಟಾನೋ ಅಂತ ಪರೀಕ್ಷೆ ಮಾಡೋ ನೌಕರಿ. ಅಂದ್ರೆ ನಮ್ಮ ಕ್ಯಾಶ್ ಕೌಂಟರಿನವರೇ ಅನ್ನಿ! 1910ರಲ್ಲಿ ಹ್ಯಾಲಿ ಧೂಮಕೇತುವನ್ನ ಬೈನಾಕ್ಯುಲರಿನಲ್ಲಿ ನೋಡಿದ್ರು. 1912ರಲ್ಲಿ ಮೂರು ಇಂಚಿನ ಒಂದು ಟೆಲಿಸ್ಕೋಪ್ ತರಿಸಿಕೊಂಡ್ರು. 1918ರಲ್ಲಿ ಗರುಡ ಪುಂಜದಲ್ಲಿ ಹೊಸ ನಕ್ಷತ್ರ ಸಿಡಿದು ಹೊಳೆದಾಗ ಅದನ್ನ ಕಂಡವರಲ್ಲಿ ಅವರೊಬ್ಬರು. ಆಮೇಲೆ ಎಎವಿಎಸ್‌ಒ ಸೇರಿ ದಶಕಗಳ ಕಾಲ ಬರೆದು ಕಳಿಸಿದ ಅಂದಾಜುಗಳು ಸುಮಾರು 37 ಸಾವಿರ. ಆ ಸಂಸ್ಥೆ ಅವರ ಬರಹದ ಬೆಲೆ ನೋಡಿ 1926ರಲ್ಲಿ ಆರು ಇಂಚಿನ ಟೆಲಿಸ್ಕೋಪನ್ನೇ ಕಳಿಸಿಕೊಟ್ಟಿತು. ಪದವಿ ಕೇಳಲಿಲ್ಲ. ಬರೆದದ್ದು ಖರೆ ಇದೆಯೇ ಅಂತ ಮಾತ್ರ ನೋಡಿತು.

ಆಮೇಲೆ ದೇಶ ಒಡೀತು. ಜೆಸ್ಸೋರ್ ಗೆರೆಯ ಆ ಕಡೆ ಹೋಯ್ತು. ಚಂದ್ರ ಈ ಕಡೆ ಬಂದು ಬಾರಾಸತ್‌ನಲ್ಲಿ ನೆಲೆಸಿದ್ರು, 1975ರಲ್ಲಿ ಅಲ್ಲೇ ತೀರಿಕೊಂಡ್ರು. ಗೆರೆ ಎಳೆಯೋರು ಮನುಷ್ಯರ ಊರನ್ನು ಆ ಕಡೆ ಈ ಕಡೆ ಮಾಡ್ತಾರೆ, ಇದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದ್ರೆ ಅವರು ಬರೆದ ಅಂಕಿಗಳು ಯಾವ ಕಡೆಗೂ ಸೇರಲಿಲ್ಲ, ಇವತ್ತಿಗೂ ಆ ದಾಖಲೆಯ ಒಳಗಿವೆ. ಆರು ಇಂಚಿನ ಆ ಟೆಲಿಸ್ಕೋಪ್ ವೈನು ಬಾಪು ಅವರ ಕೈ ಸೇರಿತು. ತಮಿಳುನಾಡಿನ ಕಾವಲೂರಿನ ವೀಕ್ಷಣಾಲಯಕ್ಕೆ ಇರೋದು ಅದೇ ಬಾಪು ಅವರ ಹೆಸರು. ಹೊಸೂರಿನ ಕಡೆಯ ಹುಡುಗರಿಗೆ ಅದೇನು ದೂರದ ಮಾತಲ್ಲ.

ಯೋಜನೆಗೂ ದಾಖಲೆಗೂ ಇರೋ ಅಂತರ ಏನು ಅಂತ ತಿಳಿಯೋಕೆ ಅಮೆರಿಕದ ಲೆಸ್ಲಿ ಪೆಲ್ಟಿಯರ್ ಕಥೆಗಿಂತ ಒಳ್ಳೇದು ನಮಗೆ ಸಿಕ್ಕಿಲ್ಲ. ಓಹಾಯೋದ ರೈತರ ಮಗ. ಸ್ಟ್ರಾಬೆರಿ ಕಿತ್ತು ಗಳಿಸಿದ 18 ಡಾಲರಿಗೆ ಎರಡು ಇಂಚಿನ ಟೆಲಿಸ್ಕೋಪ್ ಕೊಂಡ ಹುಡುಗ, 1918ರಿಂದ ಬರೆಯೋಕೆ ಶುರು ಮಾಡಿ ಜೀವಮಾನದಲ್ಲಿ ಒಂದು ಲಕ್ಷ ಮೂವತ್ತು ಸಾವಿರಕ್ಕೂ ಹೆಚ್ಚು ಅಂದಾಜು ಬರೆದವನು. ಉತ್ತರ ಕಿರೀಟ ಪುಂಜದಲ್ಲಿ ಟಿ ಕೊರೋನೆ ಬೊರಿಯಾಲಿಸ್ ಅಂತ ಒಂದು ನಕ್ಷತ್ರ ಇದೆ. ಸಾಮಾನ್ಯ ದಿನಗಳಲ್ಲಿ ಬರಿಗಣ್ಣಿಗೆ ಕಾಣೋದೇ ಇಲ್ಲ, ಹತ್ತನೇ ಮ್ಯಾಗ್ನಿಟ್ಯೂಡ್. 1866ರಲ್ಲಿ ಒಮ್ಮೆ ಸಿಡಿದು ಬರಿಗಣ್ಣಿಗೆ ಕಂಡಿತ್ತು. ಮತ್ತೆ ಸಿಡಿದೀತು ಅಂತ ಪೆಲ್ಟಿಯರ್ 25 ವರ್ಷ ಕಾದ. 1946ರ ಫೆಬ್ರವರಿಯ ಒಂದು ರಾತ್ರಿ ಎರಡೂವರೆಗೆ ಅಲಾರಂ ಇಟ್ಟು ಎದ್ದ. ಆಕಾಶ ತಿಳಿಯಾಗಿತ್ತು. ನೆಗಡಿ ಬರೋ ಹಾಗಿದೆ ಅನಿಸಿ ಹೋಗಿ ಮಲಗಿಬಿಟ್ಟ. ಆವತ್ತೇ ಅದು ಸಿಡಿದದ್ದು!

ಈ ಕಥೆ ನಮಗೆ ಗೊತ್ತಾಗಿರೋದು ಹೇಗೆ? ಅವನೇ ತನ್ನ ಪುಸ್ತಕದಲ್ಲಿ ಬರೆದದ್ದರಿಂದ. ಯೋಜನೆ ಇತ್ತು, ಅಲಾರಂ ಇತ್ತು, ಪಟ್ಟಿಯಲ್ಲಿ ನಕ್ಷತ್ರ ಇತ್ತು. ಆ ರಾತ್ರಿಯ ಸಾಲು ಮಾತ್ರ ಖಾಲಿ. 25 ವರ್ಷ ಕಾದವನು ಖಾಲಿ ಬಿಟ್ಟ. ನಮ್ಮ ಹುಡುಗರು ಇಪ್ಪತ್ತೈದು ನಿಮಿಷ ಕಾಯದೆ ಟಿಕ್ ಹಾಕ್ತಾರೆ.

ಇಷ್ಟು ಬೈದ ಮೇಲೆ ಸಾಫ್ಟ್‌ವೇರಿಗೆ ಸಲ್ಲಬೇಕಾದ ಗೌರವ ಸಲ್ಲಿಸಬೇಕು. "ಆಪು ಗೀಪು ಯಾಕ ಬೇಕು, ವಹಿ ಪೆನ್ನು ಸಾಕು" ಅನ್ನೋ ಹಿರಿಯರೂ ನಮ್ಮ ನಡುವೆ ಇದ್ದಾರೆ. ಅವರ ಮಾತನ್ನೂ ನಾವು ಒಪ್ಪೋದಿಲ್ಲ. ಬೆಳಿಗ್ಗೆ ಹತ್ತಕ್ಕೆ ಕೌಂಟರ್ ತೆಗೆಯಬೇಕಾದವರಿಗೆ ರಾತ್ರಿ ಒಂದೂವರೆ ತಾಸಿಗಿಂತ ಹೆಚ್ಚು ಸಿಗೋದಿಲ್ಲ. ಆ ಒಂದೂವರೆ ತಾಸಿನಲ್ಲಿ ಏನು ಮೇಲಿರುತ್ತೆ, ಏನು ಮುಳುಗ್ತಿರುತ್ತೆ, ಚಂದ್ರ ಯಾವಾಗ ಎದ್ದು ಕೆಲಸ ಕೆಡಿಸ್ತಾನೆ ಅಂತ ಲೆಕ್ಕ ಹಾಕಿ ಕೊಡೋದನ್ನ ಯಾವ ವಹಿಯೂ ಮಾಡೋದಿಲ್ಲ. ಕಂಪ್ಯೂಟರಿಗೆ ಹಾಕೋ ಸ್ಟೆಲೇರಿಯಂ ಪುಕ್ಕಟೆ, ಯಾರು ಬೇಕಾದ್ರೂ ತೆರೆದು ತಿದ್ದಬಹುದಾದ ಮುಕ್ತ ತಂತ್ರಾಂಶ. ಅದರಲ್ಲಿ "ಇವತ್ತು ರಾತ್ರಿ ಏನಿದೆ" ಅಂತ ಕೇಳೋ ಜಾಗ ಇದೆ, ನಮ್ಮದೇ ಪಟ್ಟಿ ಮಾಡಿ ಇಟ್ಟುಕೊಳ್ಳೋ ಜಾಗ ಇದೆ. ಕೆಸ್ಟಾರ್ಸ್ ಕೂಡ ಅಂಥದ್ದೇ. ದುಡ್ಡು ಕೊಟ್ಟು ಕೊಳ್ಳೋವೂ ಇವೆ, ಒಳ್ಳೆಯವೂ ಇವೆ. ಆದ್ರೆ ಮೊದಲು ಪ್ರೊ ವರ್ಶನ್, ಆಮೇಲೆ ಆಕಾಶ ಅನ್ನೋರ ಮಾತಿಗೆ ಮರುಳಾಗಬೇಡಿ. ಅವರ ವಹಿ ತೋರಿಸಿ ಅನ್ನಿ. ಸುಮ್ಮನಾಗ್ತಾರೆ.

ಯೋಜನೆಯನ್ನೂ ನಮ್ಮ ಊರಿಗೆ ಹೊಂದಿಸಿಕೊಳ್ಳಬೇಕು. ಇಂಟರ್ನೆಟ್ ಇಲ್ಲದೆ ಮೊದಲ ಸಲ ತೆರೆದ್ರೆ ಸ್ಟೆಲೇರಿಯಂ ನಿಮ್ಮನ್ನ ಪ್ಯಾರಿಸ್‌ನಲ್ಲಿ ನಿಲ್ಲಿಸುತ್ತೆ. ನಗಬೇಡಿ, ಎಷ್ಟೋ ಜನ ಹಾಗೇ ಬಿಟ್ಟಿರ್ತಾರೆ. ಅಥವಾ ಹತ್ತಿರದ ದೊಡ್ಡ ಊರು ಅಂತ ಬೆಂಗಳೂರೋ ಮುಂಬಯಿಯೋ ಹಾಕ್ತಾರೆ. ಒಂದು ಡಿಗ್ರಿ ರೇಖಾಂಶಕ್ಕೆ ನಾಲ್ಕು ನಿಮಿಷ. ಬೆಂಗಳೂರಿನ ಲೆಕ್ಕ ಕಾಸರಗೋಡಿಗೆ ಹಾಕಿದ್ರೆ ಹತ್ತು ನಿಮಿಷ ತಪ್ಪು. ನಮ್ಮ ಗಡಿಯಾರ ನಡೆಯೋದು ಮಿರ್ಜಾಪುರದ ಹತ್ತಿರ ಹಾದುಹೋಗೋ 82.5 ಡಿಗ್ರಿ ರೇಖೆ ಮೇಲೆ. ಜತ್ತ ಇರೋದು ಸುಮಾರು 75.2ರಲ್ಲಿ. ಹಾಗಾಗಿ ನಮ್ಮಲ್ಲಿ ನಕ್ಷತ್ರ ನೆತ್ತಿರೇಖೆ ದಾಟೋದೂ ಗಡಿಯಾರಕ್ಕಿಂತ ಸುಮಾರು ಅರ್ಧ ತಾಸು ತಡ. ಊರಿನ ಅಕ್ಷಾಂಶ ರೇಖಾಂಶ ಅಂಕಿಯಲ್ಲೇ ಹಾಕಿ.

ಅಕ್ಷಾಂಶದ ಮಾತು ಇನ್ನೂ ದೊಡ್ಡದು. ಎಲ್ಲ ಆಪುಗಳಲ್ಲೂ ಮೊದಲು ಬರೋ ಪಟ್ಟಿ ಮೆಸ್ಸಿಯೇ ಪಟ್ಟಿ, 110 ಕಾಯಗಳು. ಒಳ್ಳೇ ಪಟ್ಟಿ. ಆದ್ರೆ ಷಾರ್ಲ್ ಮೆಸ್ಸಿಯೇ ನೋಡಿದ್ದು ಪ್ಯಾರಿಸ್‌ನಿಂದ, ಸುಮಾರು 49 ಡಿಗ್ರಿ ಉತ್ತರದಿಂದ. ಅಲ್ಲಿ ಉದಯವೇ ಆಗದ್ದು ಪಟ್ಟಿಗೆ ಬಂದಿಲ್ಲ. ಒಮೆಗಾ ಸೆಂಟಾರಿ ಆಕಾಶದ ಅತ್ಯಂತ ಹೊಳಪಿನ ಗೋಳಗುಚ್ಛ, ಲಕ್ಷಗಟ್ಟಲೆ ನಕ್ಷತ್ರಗಳ ಉಂಡೆ. ಪ್ಯಾರಿಸ್‌ನಲ್ಲಿ ಅದು ದಿಗಂತದಿಂದ ಮೇಲೆ ಬರೋದೇ ಇಲ್ಲ, ಹಾಗಾಗಿ 110ರಲ್ಲಿ ಇಲ್ಲ. ಜತ್ತದಲ್ಲಿ 25 ಡಿಗ್ರಿ ಎತ್ತರಕ್ಕೆ ಬರುತ್ತೆ. ಕಾಸರಗೋಡಿನಲ್ಲಿ 30. ಏಪ್ರಿಲ್ ಮಧ್ಯದ ನಡುರಾತ್ರಿ ದಕ್ಷಿಣಕ್ಕೆ ಬೈನಾಕ್ಯುಲರ್ ಎತ್ತಿದ್ರೆ ಹತ್ತಿಯ ಉಂಡೆ ಹಾಗೆ ಕಾಣುತ್ತೆ. ಅಗಸ್ತ್ಯ ನಕ್ಷತ್ರವೂ ಹಾಗೇ. ಚಳಿಗಾಲದಲ್ಲಿ ನಮ್ಮ ದಕ್ಷಿಣ ದಿಗಂತದಿಂದ ಎರಡು ಮುಷ್ಟಿ ಎತ್ತರಕ್ಕೆ ಬಂದು ನಿಲ್ಲುತ್ತೆ, ಪ್ಯಾರಿಸ್‌ನವನು ಕಣ್ಣಿನಿಂದ ನೋಡಬೇಕಾದ್ರೆ ವಿಮಾನ ಹತ್ತಬೇಕು. ಹೀಗಿರುವಾಗ ನಮ್ಮ ಹುಡುಗರು 110 ಮುಗಿಸೋ ಅವಸರದಲ್ಲಿ ಒಮೆಗಾ ಸೆಂಟಾರಿ ಬಿಟ್ಟು ಕೂತಿರೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಮಳೆಗಾಲವೂ ಆಪಿಗೆ ಗೊತ್ತಿಲ್ಲ. ವೃಶ್ಚಿಕ, ಧನು, ಆಕಾಶಗಂಗೆಯ ದಟ್ಟ ಭಾಗ, ಇವಕ್ಕೆ ಒಳ್ಳೇ ಕಾಲ ಜೂನ್, ಜುಲೈ, ಆಗಸ್ಟ್ ಅಂತ ಆಪು ಹೇಳುತ್ತೆ. ವಯನಾಡಿನ ಹುಡುಗ ಜುಲೈನಲ್ಲಿ ಛತ್ರಿ ಹಿಡಿದು ಏನು ನೋಡಬೇಕು? ನಮ್ಮಲ್ಲಿ ಮಾರ್ಚ್ ತಿಂಗಳ ನಸುಕಿನ ನಾಲ್ಕು ಗಂಟೆಗೆ ಎದ್ರೆ ಅದೇ ಆಕಾಶಗಂಗೆ ಆಗ್ನೇಯದಲ್ಲಿ ಎದ್ದು ನಿಂತಿರುತ್ತೆ, ಮೋಡ ಇರೋದಿಲ್ಲ. ಆಪಿನ ಹೊತ್ತನ್ನ ಮುಂದೆ ಸರಿಸಿ ನೋಡಿದ್ರೆ ಅದೇ ತೋರಿಸುತ್ತೆ. ಕೇಳಬೇಕಾದವರು ನಾವು.

ಇನ್ನು ದಿಗಂತ. ಸ್ಟೆಲೇರಿಯಂನಲ್ಲಿ ನಿಮ್ಮ ಸ್ವಂತ ದಿಗಂತ ಮಾಡಿ ಹಾಕಬಹುದು. ಬರೀ ಒಂದು ಟೆಕ್ಸ್ಟ್ ಫೈಲು, ಒಂದೊಂದು ಸಾಲಿನಲ್ಲಿ ಎರಡೆರಡು ಅಂಕಿ, ದಿಕ್ಕು ಎಷ್ಟು ಡಿಗ್ರಿ, ಅಲ್ಲಿ ಗುಡ್ಡವೋ ಮರವೋ ಎಷ್ಟು ಡಿಗ್ರಿ ಎತ್ತರ. ಕೈ ಚಾಚಿ ಹಿಡಿದ ಮುಷ್ಟಿಯ ಅಗಲ ಸುಮಾರು ಹತ್ತು ಡಿಗ್ರಿ. ಮಾಳಿಗೆ ಮೇಲೆ ನಿಂತು ಸುತ್ತ ಅಳೆದು ಬರೆದ್ರೆ ಅರ್ಧ ತಾಸಿನ ಕೆಲಸ. ತಾಳವಾಡಿಯ ಗುಡ್ಡದ ಹಿಂದೆ ಇರೋದನ್ನ ಆಪು ಆಮೇಲೆ "ಕಾಣುತ್ತೆ" ಅಂತ ಸುಳ್ಳು ಹೇಳೋದಿಲ್ಲ.

ಈಗ ಕಿರ್ದಿಯ ಮಾತಿಗೆ ಬರೋಣ. ಎಲ್ಲಿ ಬರೆದಿಡಬೇಕು? ನಮ್ಮ ಗುಂಪಿನ ಒಬ್ಬರು ಎರಡು ವರ್ಷದ ಬರಹವನ್ನೆಲ್ಲ ಒಂದು ಆಪಿನೊಳಗೇ ಇಟ್ಟಿದ್ರು. ಫೋನು ಕೆಟ್ಟಿತು, ರಿಸೆಟ್ ಮಾಡಿದ್ರು. ಆಪು ಮತ್ತೆ ಹಾಕಿದಾಗ ಖಾಲಿ. ತಪ್ಪು ನಮ್ಮದೇ, ಒಂದು ದಿನವೂ ಹೊರಗೆ ತೆಗೆದಿಟ್ಟಿರಲಿಲ್ಲ. ಹಗಲೆಲ್ಲ ಬ್ಯಾಂಕಿನಲ್ಲಿ ಬ್ಯಾಕಪ್ ಬ್ಯಾಕಪ್ ಅಂತ ಕೇಳೋ ಕಿವಿಗಳು ಮನೆಗೆ ಬಂದ ಮೇಲೆ ಕಿವುಡಾಗಿದ್ವು. ಆವತ್ತಿನಿಂದ ನಿಯಮ: ಹೊರಗೆ ತೆಗೆಯೋಕೆ ಬಿಡದ ಆಪಿನಲ್ಲಿ ಬರೆಯೋದಿಲ್ಲ. ಸಿಎಸ್‌ವಿ ಆದ್ರೂ ಸರಿ, ಓಪನ್ ಆಸ್ಟ್ರಾನಮಿ ಲಾಗ್ ಅನ್ನೋ ಮುಕ್ತ ಮಾದರಿ ಆದ್ರೂ ಸರಿ. ಆ ಮಾದರಿಯನ್ನ ಕೆಸ್ಟಾರ್ಸ್, ಅಬ್ಸರ್ವೇಶನ್ ಮ್ಯಾನೇಜರ್ ಥರದ ತಂತ್ರಾಂಶಗಳು ಓದ್ತವೆ, ಒಂದರಲ್ಲಿ ಬರೆದದ್ದನ್ನ ಇನ್ನೊಂದಕ್ಕೆ ಒಯ್ಯಬಹುದು.

ಕನ್ನಡದಲ್ಲೇ ಬರೆಯಿರಿ. ಟಿಪ್ಪಣಿ ಜಾಗದಲ್ಲಿ "ಬೂದಿ ಊದಿದಂಗ ಅದ, ನಡುವ ಸ್ವಲ್ಪ ಗಟ್ಟಿ" ಅಂತ ಬರೆದ್ರೆ ಯಾವ ಆಪೂ ಬೇಡ ಅನ್ನೋದಿಲ್ಲ. ಇಂಗ್ಲಿಷಿನಲ್ಲಿ ಬರೆಯೋಕೆ ಹೋದಾಗ ನಮ್ಮ ಹುಡುಗರೆಲ್ಲ ಒಂದೇ ಎರಡು ಪದ ಬರೀತಿದ್ರು, "ನೈಸ್", "ಫೇಂಟ್". ಕನ್ನಡಕ್ಕೆ ಬಂದ ಮೇಲೆ ಸಾಲುಗಳು ಉದ್ದ ಆದ್ವು, ಕಂಡದ್ದು ಹೆಚ್ಚಾಯ್ತು. ಕಂಡದ್ದು ಮೊದಲೂ ಅಷ್ಟೇ ಇತ್ತೇನೋ, ಹೇಳೋಕೆ ಬಾಯಿ ಇರಲಿಲ್ಲ. ಆದ್ರೆ ಎರಡು ಎಚ್ಚರ. ಹಳೇ ಆಸ್ಕಿ ಫಾಂಟಿನಲ್ಲಿ ಬರೀಬೇಡಿ, ಯೂನಿಕೋಡಿನಲ್ಲೇ ಬರೀರಿ. ಸಿಎಸ್‌ವಿ ಉಳಿಸುವಾಗ ಯುಟಿಎಫ್-8 ಅಂತ ಆರಿಸಿ, ಇಲ್ಲಾಂದ್ರೆ ಎಕ್ಸೆಲ್ಲಿನಲ್ಲಿ ತೆರೆದಾಗ ಕನ್ನಡ ಹೋಗಿ ಕಪ್ಪೆ ಕಾಲು ಗುಬ್ಬಿ ಕಾಲು ಆಗಿರುತ್ತೆ. ಇನ್ನೊಂದು, ಹೆಸರು ಆರ್ದ್ರಾ, ಕೃತ್ತಿಕೆ ಅಂತಲೇ ಇರಲಿ, ಪಕ್ಕಕ್ಕೆ ಕ್ಯಾಟಲಾಗ್ ನಂಬರನ್ನೂ ಬರೀರಿ. ಒಂದೇ ಹೆಸರಿನ ಹತ್ತು ಖಾತೆದಾರರು ಇರ್ತಾರೆ, ಅಕೌಂಟ್ ನಂಬರ್ ಒಂದೇ.

ತಾರೀಖಿನ ವಿಷಯಕ್ಕೆ ಮಾತ್ರ ನಾವು ಕಟುಕರು. ನಸುಕಿನ ನಾಲ್ಕಕ್ಕೆ ಜನವರಿ 16 ಅಂತ ನೀವು ಬರೀತೀರಿ. ವಿಶ್ವ ಸಮಯದಲ್ಲಿ ಅದು 15ನೇ ತಾರೀಖು ರಾತ್ರಿ ಹತ್ತೂವರೆ. ಆಪು ಯಾವುದನ್ನ ಬರೆಯಿತು? ಮೂರು ತಿಂಗಳ ಮೇಲೆ ನಿಮಗೇ ಗೊತ್ತಾಗೋದಿಲ್ಲ. ಹೊತ್ತಿನ ಪಕ್ಕ "ಭಾರತೀಯ ಸಮಯ" ಅಂತ ಬರೆಯೋದು ಬಿಡಬೇಡಿ. ಎಎವಿಎಸ್‌ಒ ದಾಖಲೆ ಇಡೋದು ಜೂಲಿಯನ್ ದಿನದ ಲೆಕ್ಕದಲ್ಲಿ. ಆ ದಿನ ಬದಲಾಗೋದು ನಡುರಾತ್ರಿಗಲ್ಲ, ವಿಶ್ವ ಸಮಯದ ನಡುಹಗಲಿಗೆ, ನಮ್ಮ ಗಡಿಯಾರದಲ್ಲಿ ಸಂಜೆ ಐದೂವರೆಗೆ. ಹಾಗಾಗಿ ನಮ್ಮ ಒಂದಿಡೀ ರಾತ್ರಿ ಒಂದೇ ದಿನದ ಲೆಕ್ಕದಲ್ಲಿ ಬರುತ್ತೆ. ಸಂಜೆ ಐದೂವರೆ! ನಾವು ಶಾಖೆಯಲ್ಲಿ ಕ್ಯಾಶ್ ಟ್ಯಾಲಿ ಮಾಡಿ ಎದ್ದೇಳೋ ಹೊತ್ತು. ಈ ಕೆಲಸವನ್ನ ಗುಮಾಸ್ತರಿಗೆ ಅಂತಲೇ ಮಾಡಿಟ್ಟಂಗಿದೆ.

ನಮ್ಮ ಗುಂಪಿನ ಪಟ್ಟಿಯಲ್ಲಿ ಈಗ ಒಂದು ರಾತ್ರಿಗೆ ಐದೇ ಹೆಸರು. ಐದನೆಯದು ಯಾವಾಗಲೂ ಆರ್ದ್ರೆಯೋ ಉತ್ತರ ಕಿರೀಟವೋ, ಬರಿಗಣ್ಣಿನದು, ಟೆಲಿಸ್ಕೋಪ್ ಇಲ್ಲದವರೂ ಬರೆಯಲಿ ಅಂತ. ಬರೆಯೋದು ಅಲ್ಲೇ, ಕೆಂಪು ಕಾಗದ ಸುತ್ತಿದ ಬ್ಯಾಟರಿ ಬೆಳಕಿನಲ್ಲಿ, ವಹಿಯಲ್ಲಿ. ಕಂಪ್ಯೂಟರಿಗೆ ಏರಿಸೋದು ಮರುದಿನ ಸಂಜೆ. ಮನೆಗೆ ಹೋಗಿ ನೆನಪಿನಿಂದ ಬರೆದದ್ದಕ್ಕೆ "ನೆನಪಿನಿಂದ" ಅಂತ ಗುರುತು.

ಸೊಲ್ಲಾಪುರ, ಅಕ್ಕಲಕೋಟೆ, ಮಡಕಶಿರಾ, ನೀಲಗಿರಿ, ಎಲ್ಲೇ ಇರಿ, ನಿಮ್ಮ ಮಾಳಿಗೆಯ ದಿಗಂತದ ಫೈಲ್ ಮಾಡಿದವರು ಕೆಳಗೆ ಹಾಕಿ, ಊರಿನ ಹೆಸರು ಬರೆದು ಕೂಡಿಸ್ತೀವಿ. ಟಿಕ್ಕಿನ ಸ್ಕ್ರೀನ್‌ಶಾಟ್ ಬೇಡ. ನಿಮ್ಮ ವಹಿಯ ಒಂದು ಪುಟದ ಫೋಟೋ ಹಾಕಿ, ಅಕ್ಷರ ಹೇಗೇ ಇರಲಿ. ನಾವೇ ಮೊದಲು ಹಾಕ್ತೀವಿ. ಹೋದ ಅಮಾವಾಸ್ಯೆಯ ಪುಟ: ಐದರಲ್ಲಿ ಎರಡು ಕಂಡಿವೆ, ಒಂದು ಸಸ್ಪೆನ್ಸ್, ಎರಡರ ಮುಂದೆ "ಹುಡುಕಿದ್ವಿ, ಕಾಣಲಿಲ್ಲ, ಪಕ್ಕದ ಊರಿನ ಜಾತ್ರೆಯ ಲೈಟು" ಅಂತ ಇದೆ.